ಶೇಕಡಾ ಹದಿನೇಳು

ಪರದೆಯ ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಬ್ಯಾಟರಿಯ ಚಿತ್ರ, ಅದರೊಳಗೆ ಪುಟ್ಟ ಮಿಂಚಿನ ಗುರುತು, ಪಕ್ಕದಲ್ಲಿ ಹದಿನೇಳು ಎಂಬ ಅಂಕಿ. ಆ ವಾರ ಕಣ್ಣು ಮುಚ್ಚಿದರೂ ನನಗೆ ಕಾಣುತ್ತಿದ್ದುದು ಇಷ್ಟೇ. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ, ಮಿಂಚಿನ ಗುರುತು ಮೂಡಿತೇ ಎಂದು ಎರಡು ಸಲ ನೋಡಿ ಹೋಗುತ್ತಿದ್ದೆ. ಸಂಜೆ ಬಂದರೆ ಹದಿನೇಳು, ಇಲ್ಲವೇ ಹತ್ತೊಂಬತ್ತು. ಒಂದು ದಿನ ಹನ್ನೊಂದು.

ಅದು ನನ್ನ ಅಕ್ಕ ಚಂಪಕಳ ಟ್ಯಾಬ್ಲೆಟ್ಟು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವಳ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಅವಳು ಪರದೆಯ ಮೇಲೆ ಬರೆದದ್ದನ್ನು ಅದು ವಾರ್ತೆ ಓದುವ ಹೆಂಗಸಿನ ಧಾಟಿಯಲ್ಲಿ ಓದಿ ಹೇಳುತ್ತಿತ್ತು. "ಈ ಸಾರಿಗೆ ಉಪ್ಪು ಹಾಕಿದ ಪುಣ್ಯಾತ್ಮರು ಯಾರು?" ಎಂಬ ಅಕ್ಕನ ಚುಚ್ಚುಮಾತು ಆ ಗಂಭೀರ ಧ್ವನಿಯಲ್ಲಿ ಬಂದಾಗ ನನ್ನ ಹೆಂಡತಿ ನಳಿನಿ ಊಟ ಬಿಟ್ಟು ನಗುತ್ತಿದ್ದಳು.

ಅಕ್ಕ ಇಪ್ಪತ್ತೆರಡು ವರ್ಷ ಮಹಿಳಾ ಸಮಾಜದಲ್ಲಿ ಹೊಲಿಗೆ ತರಗತಿ ನಡೆಸಿದವಳು, ಈಗ ಮತ್ತೆ ನಡೆಸಲು ಹೊರಟಿದ್ದಳು. ಸಮಾಜದ ಕಾರ್ಯದರ್ಶಿ ಸರ್ವಮಂಗಳಮ್ಮ ಮನೆಗೇ ಬಂದು, "ಸೋಮವಾರ ಪೂರ್ತಿ ಮೂರು ಗಂಟೆ ಹೊತ್ತು ಪಾಠ ಮಾಡಿ ತೋರಿಸ್ಲಿ ಮೇಷ್ಟ್ರೇ. ನಡುವೆ ಆ ಟ್ಯಾಬ್ಲೆಟ್ಟು ನಿಂತುಹೋದ್ರೆ ನಾನೇನ್ ಮಾಡ್ಲಿ? ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದು ಹೇಳಿಹೋಗಿದ್ದರು. ಹದಿನೇಳರಲ್ಲಿ ಅರ್ಧ ಗಂಟೆಯ ಪಾಠವೂ ಸಾಗುವಂತಿರಲಿಲ್ಲ.

ನಾನು ಭೌತಶಾಸ್ತ್ರ ಕಲಿಸುವವನು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡಬೇಕೆಂದು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಮಂಗಳವಾರ ಕೇಬಲ್ ಬದಲಿಸಿದೆ. ಬುಧವಾರ ಅಡಾಪ್ಟರ್. ಗುರುವಾರ ಕಡ್ಡಿಗೆ ಹತ್ತಿ ಸುತ್ತಿ ಪಿನ್ನು ಕೂರುವ ತೂತನ್ನು ಶುಚಿಮಾಡಿದೆ. ರಾತ್ರಿ ಮಲಗುವ ಮುನ್ನ ಎಲ್ಲ ಸ್ವಿಚ್ಚುಗಳನ್ನೂ ಆರಿಸುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಕಟ್ಟುನಿಟ್ಟಿನ ರೂಢಿಯಾದ್ದರಿಂದ ಚಾರ್ಜಿಗೆ ಹಗಲು ಮಾತ್ರ ಸಿಗುತ್ತಿತ್ತು. ಹಗಲು ನಾನೂ ನಳಿನಿಯೂ ಕೆಲಸಕ್ಕೆ ಹೋಗುತ್ತಿದ್ದೆವು. ಆದ್ದರಿಂದ ಅರ್ಧ ಗಂಟೆಗೊಮ್ಮೆ ಅಂಕಿ ಬರೆದಿಡುವಂತೆ ಅಕ್ಕನಿಗೇ ನೋಟ್‌ಬುಕ್ ಕೊಟ್ಟಿದ್ದೆ. ಅವಳು ಹೊಲಿಗೆಯ ಅಳತೆ ಬರೆಯುವಷ್ಟೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು.

ಶುಕ್ರವಾರ ರಿಪೇರಿ ಅಂಗಡಿಯ ನಿಸಾರನ ಬಳಿ ಒಯ್ದೆ.

"ಒಂದು ಗಂಟೆ ಹಾಕಿಟ್ಟಿದ್ದೆ ಸಾರ್, ಸರಸರ ಏರ್ತು. ಬ್ಯಾಟ್ರಿನೂ ಚೆನ್ನಾಗಿದೆ, ಪಿನ್ನೂ ಚೆನ್ನಾಗಿದೆ."

"ಮತ್ತೆ ನಮ್ಮನೇಲಿ ಯಾಕೆ ಏರಲ್ಲ?"

"ಹಂಗಾದ್ರೆ ಮನೇನೇ ತಗೊಂಡ್ಬನ್ನಿ ಸಾರ್, ಬಿಚ್ಚಿ ನೋಡೋಣ."

ನನಗೆ ನಗು ಬರಲಿಲ್ಲ. ಶನಿವಾರ ಸಂಜೆ ಹದಿನೇಳಕ್ಕಿಂತ ತೀರ ಕೆಳಗಿಳಿದು ಎರಡಕ್ಕೆ ಬಂದಿತ್ತು. ನನ್ನ ಸಹನೆ ತೀರಿತು.

"ಪಿನ್ ಸಡಿಲವಾದ್ರೆ ನೀನು ಸರಿಯಾಗಿ ಚುಚ್ಚೋದೇ ಇಲ್ಲ ಅಕ್ಕ! ವಾರದಿಂದ ಒದ್ದಾಡ್ತಿದೀನಿ, ಒಂದು ಪಿನ್ ಚುಚ್ಚೋಕಾಗಲ್ವಾ ನಿಂಗೆ?"

ಅವಳು ಟ್ಯಾಬ್ಲೆಟ್ಟನ್ನು ಸರಕ್ಕನೆ ಎಳೆದುಕೊಂಡು ಉತ್ತರ ಬರೆಯತೊಡಗಿದಳು. ಉದ್ದನೆಯ ಉತ್ತರವೇ ಇದ್ದಿರಬೇಕು. ಅದು ಮುಗಿಯುವ ಮುನ್ನ ಪರದೆ ಕಪ್ಪಾಯಿತು. ಅವಳ ಬೆರಳು ಗಾಳಿಯಲ್ಲಿ ಹಾಗೆಯೇ ನಿಂತಿತು. ಆಮೇಲೆ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು ಒಳಗೆ ಹೋದಳು. ಹೇಳಲು ಈಗ ನಾಚಿಕೆಯಾಗುತ್ತದೆ: ನಾನು ಗಡಿಯಾರ ನೋಡಿ, ಅದು ಆರಿದ ಸಮಯವನ್ನು ಬರೆದುಕೊಂಡೆ.

ಭಾನುವಾರ ಬೆಳಿಗ್ಗೆ ಟ್ಯಾಬ್ಲೆಟ್ಟು ಗೋಡೆಯ ಬಳಿ ಚಾರ್ಜಾಗುತ್ತಿತ್ತು. ನಾನು ಅಕ್ಕನ ಅಂಕಿಗಳಿಂದ ನಕ್ಷೆ ಎಳೆದೆ. ದಿನವೂ ಹತ್ತೂವರೆಗೆ, ನಾಲ್ಕಕ್ಕೆ ಗೆರೆ ಕೆಳಗೆ ಬೀಳುತ್ತಿತ್ತು. "ಆ ಹೊತ್ತಿಗೆ ಲೈನಿನಲ್ಲೇ ವೋಲ್ಟೇಜ್ ಇಳಿಯುತ್ತೆ ಅನ್ಸುತ್ತೆ" ಎಂದೆ. ಕೊತ್ತಂಬರಿ ಬಿಡಿಸುತ್ತಿದ್ದ ನಳಿನಿ ಬಗ್ಗಿ ನೋಡಿದಳು.

"ಹತ್ತೂವರೆಗೆ ತರಕಾರಿಯವಳು ಬರ್ತಾಳೆ. ನಾಲ್ಕಕ್ಕೆ ಹೊಲಿಗೆ ಹುಡುಗೀರು ರವಿಕೆ ತೋರಿಸೋಕೆ ಬರ್ತಾರೆ. ಇದು ಕರೆಂಟಲ್ಲ ರೀ, ಅಕ್ಕ ಮಾತಾಡೋ ಹೊತ್ತು."

"ಅಕ್ಕ, ಯಾರಾದ್ರೂ ಬಂದಾಗ ಏನ್ಮಾಡ್ತೀಯ?" ಎಂದು ಕೇಳಿದೆ. ಉತ್ತರ ಬರೆಯಲು ಬಂದವಳು ಮೊದಲು ಪಿನ್ನನ್ನು ಎಳೆದು ತೆಗೆದಳು. ನನ್ನ ಕಣ್ಣೆದುರೇ ಮಿಂಚಿನ ಗುರುತು ಆರಿತು.

"ನೀನೇ ಅಲ್ವಾ ಹೇಳಿದ್ದು," ಎಂದಿತು ವಾರ್ತೆಯ ಧ್ವನಿ, "ಚಾರ್ಜ್ ಆಗುವಾಗ ಮುಟ್ಟಬೇಡ, ಸಿಡಿಯುತ್ತೆ ಅಂತ. ಮುಟ್ಟದೆ ನಾನು ಹೇಗೆ ಮಾತಾಡಲಿ?"

ಟ್ಯಾಬ್ಲೆಟ್ಟು ತಂದ ದಿನ ಚಪ್ಪಲಿ ಮೆಟ್ಟುತ್ತ ಹಾಗೆಂದಿದ್ದೆ. ಎಲ್ಲೋ ಯಾರದೋ ಫೋನು ಸಿಡಿದದ್ದನ್ನು ಓದಿದ ನೆನಪಿನಲ್ಲಿ ಆಡಿದ ಮಾತು. ನಾನು ಅಂದೇ ಮರೆತಿದ್ದೆ. ಅವಳು ಎರಡು ತಿಂಗಳಿಂದ ಪಾಲಿಸುತ್ತಿದ್ದಳು. ಬಂದವರೊಡನೆ ಮಾತಾಡಲು ಪಿನ್ನು ಕಿತ್ತು, ಅವರು ಹೋದ ಎಷ್ಟೋ ಹೊತ್ತಿಗೆ ನೆನಪಾಗಿ ಮತ್ತೆ ಚುಚ್ಚುತ್ತಿದ್ದಳು. ಕೇಬಲ್ಲನ್ನು ಬದಲಿಸಿದೆ, ಅಂಗಡಿಯವನನ್ನು ಕೇಳಿದೆ, ಅವಳನ್ನು ಕೇಳಿರಲಿಲ್ಲ.

"ನಿನ್ನೆ ಬರೀತಿದ್ದದ್ದು ಇದನ್ನೇನಾ?"

"ಇದನ್ನೇ. ಜೊತೆಗೆ ಎರಡು ಬೈಗುಳ."

ಸೋಮವಾರ ಚಾರ್ಜು ತುಂಬಿಕೊಂಡೇ ಹೋದೆವು. ಆದರೂ ಬ್ಯಾಟರಿ ಮೂರು ಗಂಟೆ ಬಾಳುವುದೆಂಬ ಭರವಸೆ ನನಗಿರಲಿಲ್ಲ. ಸಮಾಜದ ಕೋಣೆಯ ಮೂಲೆಯಿಂದ ಅವಳ ಮೇಜಿನವರೆಗೆ ಉದ್ದನೆಯ ವೈರು ಎಳೆದುಕೊಟ್ಟು, "ಮುಟ್ಟು, ಏನೂ ಆಗಲ್ಲ" ಎಂದೆ. ಅವಳು ಒಮ್ಮೆ ಅನುಮಾನದಿಂದ ನೋಡಿ, ಪಿನ್ನು ಕೀಳದೆಯೇ ಬರೆಯತೊಡಗಿದಳು. "ತೋಳಿನ ಸುತ್ತಳತೆಗೆ ಒಂದಿಂಚು ಬಿಡಿ. ಮಾತು ಕಡಿಮೆ, ಕತ್ತರಿ ಜೋರು."

ಪಾಠ ಶುರುವಾಗಿ ಎರಡೂವರೆ ಗಂಟೆ ಕಳೆದಿತ್ತು. ಸರ್ವಮಂಗಳಮ್ಮ ಬಾಗಿಲಲ್ಲಿ ನನ್ನ ಪಕ್ಕ ನಿಂತು ನೋಡುತ್ತಿದ್ದರು. ಒಳಗೆ ಹುಡುಗಿಯರು ಕತ್ತರಿಸಿದ ಬಟ್ಟೆಯನ್ನು ಎದೆಗೊತ್ತಿಕೊಂಡು, ಲಂಗದ ಅಂಚನ್ನು ಒಂದು ಕೈಯಲ್ಲಿ ಎತ್ತಿ, ನೆಲದ ಮೇಲಿನ ವೈರನ್ನು ಒಬ್ಬೊಬ್ಬರಾಗಿ ಎಚ್ಚರದಿಂದ ದಾಟಿ ಅಕ್ಕನ ಬಳಿಗೆ ಹೋಗುತ್ತಿದ್ದರು.