ಡಿಸ್ಕಿನೊಳಗಿನ ಗಂಡಂದಿರು

ಅಫಜಲಪುರದ ಓದುಬಳಗದ ಹೆಂಗಸರು ತಮ್ಮ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಮೂರು ಪಾಲು ಮಾಡಿ, ಒಂದೊಂದಕ್ಕೆ ಒಬ್ಬೊಬ್ಬರ ಗಂಡನ ಹೆಸರಿಟ್ಟಿದ್ದರು. ಮನೆಯಲ್ಲಿ ಅಪ್ಪಣೆ ಅವರದು. ಇಲ್ಲಾದರೂ ನಾವು ಎಬ್ಬಿಸಿದಾಗ ಏಳಲಿ ಎಂಬುದು ಶಾರದಾಬಾಯಿಯ ವಾದ. ರಿಟೈರಾದ ಟೀಚರು, ಮೈಕು ಕೊಟ್ಟರೆ ಎಂಥ ಸಾಹೇಬನಿಗೂ ಬೆವರಿಳಿಸುವವಳು. ಮೊದಲೆರಡು ಹೆಸರನ್ನು ಕಂಪ್ಯೂಟರ್ ನೋಡಿಕೊಳ್ಳುವ ಫರಹೀನ ಹೊಡೆದಿದ್ದಳು. ಮೂರನೆಯದನ್ನು ಶಾರದಾಬಾಯಿ ಹಟ ಹಿಡಿದು ತಾನೇ ಹೊಡೆದಳು.

ಆ ಮೂರನೆಯ ಪಾಲಿನಲ್ಲಿ ಹುಡುಗಿಯರ ಧ್ವನಿ ಇತ್ತು. ಕ್ರಾಸಿನಲ್ಲಿ ಬಸ್ಸು ನಿಲ್ಲದೆ ಕಾಲೇಜು ಬಿಟ್ಟವರು. ಬಸ್ ಡಿಪೊ ಮುಂದಿನ ನಾಳೆಯ ಧರಣಿಯಲ್ಲಿ ಅದನ್ನೇ ಕೇಳಿಸಬೇಕು. ಇವತ್ತು ಕರೆಂಟು ಹೋಗಿ ಬಂದ ಮೇಲೆ ನೋಡಿದರೆ ಫೋಲ್ಡರ್ ಖಾಲಿ.

ಫರಹೀನ ಕಪ್ಪು ಪರದೆ ತೆರೆದು, ಪಾಲುಗಳ ಪಟ್ಟಿ ತೋರಿಸುವ ಆಜ್ಞೆ, ಎಲ್‌ವಿಎಸ್ ಎಂದು ಹೊಡೆದಳು. ಪಾಲುಗಳು ಸಾಲಾಗಿ ಬಂದವು. ಹುಲೆಪ್ಪ, ದಾವಲಸಾಬ: ಎರಡರ ಮುಂದೆಯೂ ಎಚ್ಚರಿರುವ ಗುರುತು, 'ಎ'. ಮೂರನೆಯದಕ್ಕೆ ಅದಿಲ್ಲ, ಇನ್ನೂ ಮಲಗಿದೆ. ಹೆಸರು ನೋಡಿದರೆ 'ಸಂತೋಷನ_ಅಪ್ಪ'.

"ದೌಲತರಾಯ ಅಂತ ಹೆಸರ ಇಲ್ಲಲ್ರಿ ಟೀಚರ್. ನಿಮ್ಮ ಯಜಮಾನ್ರು ಎಲ್ಲಿ ಹ್ವಾದ್ರು?"

ಶಾರದಾಬಾಯಿ ಕನ್ನಡಕ ಒರೆಸತೊಡಗಿದಳು.

"ಇದ್ಯಾವುದೋ ಕಂಪ್ಯೂಟರ್ ಮಾರಿದ ಅಂಗಡ್ಯಾವ ಬಿಟ್ಟ ಕಸ ಕಾಣಸ್ತದ. ಅಳಿಸಿ ಜಾಗಾ ಮಾಡ್ತೇನಿ. ಹುಡುಗ್ಯಾರನ್ನ ಕರೀರಿ, ಮತ್ತ ರೆಕಾರ್ಡ್ ಮಾಡೂಣು."

"ಇಬ್ಬರನ್ನ ಲಗ್ನಾ ಮಾಡಿ ಕಳಿಸ್ಯಾರಬೇ. ಎಲ್ಲಿಂದ ಕರೀಲಿ?"

"ಉಳಿದವ್ರು ಸಾಕ್ರಿ."

ಅಳಿಸುವ ಆಜ್ಞೆ ಬರೆದಾಯಿತು. ಎಂಟರ್ ಒತ್ತುವಷ್ಟರಲ್ಲಿ ಶಾರದಾಬಾಯಿ ಅವಳ ಮಣಿಕಟ್ಟು ಹಿಡಿದಳು.

"ತಡಿ. ಅದು ನಂದ."

"ಅಂದ್ರ?"

"ಸಂತೋಷ ನನ್ನ ಮಗ, ಜೇವರ್ಗಿಯಾಗ ಇರ್ತಾನ. ಅವನಪ್ಪ." ಧ್ವನಿ ಸಣ್ಣದಾಯಿತು. "ಅವರ ಹೆಸರ ಹೊಡಿಯಾಕ ಕೈ ಬರಲಿಲ್ಲ. ಮದುವ್ಯಾಗ ಒಡಪಿನ ಪದದಾಗ ಹೆಸರ ಕಟ್ಟಿ ಒಮ್ಮೆ ಹೇಳಿದ್ದೆ, ಅಷ್ಟ."

"ಊರಿಗೆಲ್ಲಾ ಭಾಷಣ ಮಾಡ್ತೀರಿ..."

"ನಗಬ್ಯಾಡ."

"ನಮ್ಮಮ್ಮಿನೂ ಅಪ್ಪನ್ನ ಇನ್ನಾ 'ಫರಹೀನ್ ಕೆ ಅಬ್ಬಾ' ಅಂತ ಕರೀತಾಳ್ರಿ. ನನಗರೆ ಹೊಳೀಬೇಕಿತ್ತು."

ಬರೆದದ್ದನ್ನು ಕಿತ್ತು, ಎಬ್ಬಿಸುವ ಆಜ್ಞೆ ಹೊಡೆದಳು. ಮತ್ತೆ ಎಲ್‌ವಿಎಸ್. 'ಎ' ಬಂದಿತ್ತು. ಫೋಲ್ಡರಿಗೆ ಜೋಡಿಸಿ ತೆರೆದರೆ, ಲಗ್ನವಾಗಿ ಹೋದ ಮುಸ್ಕಾನಳ ಧ್ವನಿ: "ಬಸ್ಸಿಗೆ ಕೈ ಮಾಡಿ ಮಾಡಿ ಸಾಕಾತ್ರಿ. ಡ್ರೈವರ್ ಮಾಮಾ ನಕ್ಕೋತ ಹೋಗ್ತಾನ. ಮನ್ಯಾಗ ಹೆಂಗೂ ಕುಂತಾಳಂತ ಹುಡುಗನ್ನ ನೋಡಾಕತ್ತಾರ."

ಇಬ್ಬರೂ ಪೂರ್ತಿ ಕೇಳಿದರು. ಫರಹೀನ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು:

"ಹೆಸರ ಬದಲಿ ಮಾಡ್ಲೇನ್ರಿ? ನಾನ ಹೊಡಿತೇನಿ, ನೀವು ಕಣ್ಣು ಮುಚ್ಚರಿ."

"ಇರಲಿ ಬಿಡು. ನಾಳೆ ಡಿಪೊ ಸಾಹೇಬನ್ನ ಹೆಸರ ಹಿಡದು ಕೂಗೂದೈತಿ. ಮೊದಲ ಅದು ರೂಢಿ ಆಗಲಿ."