ವೀರಗಲ್ಲಿನ ಮೊದಲ ಜಾಗ

ಯಮನೂರಸಾಬನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಜೇಂದ್ರಗಡದಿಂದ ಸಾಹೇಬರು ಸ್ಥಳ ನೋಡಲು ಬರುವುದು ಹನ್ನೊಂದಕ್ಕೆ. ಈ ಪುಣ್ಯಾತ್ಮ ಎಂಟಕ್ಕೇ ಅಂಗಿ ತೊಟ್ಟು ಮೂರು ಸಲ ರಸ್ತೆಗೆ ಹೋಗಿ ಬಂದಿದ್ದ. ಚಪ್ಪಲಿಯಾದರೂ ಉಳಿಯಲಿ, ಕೂಡ್ರಿ ಎಂದು ಹೆಂಡತಿ ಹಸನಬಿ ಮಂಚದ ಮೇಲಿಂದಲೇ ಗದರಿದಳು.

ಹಸನಬಿಯ ತೊಡೆಯ ಮೂಳೆ ಮುರಿದು ಐದು ತಿಂಗಳಾಗಿತ್ತು. ಪಾಯಖಾನೆ ಇದ್ದದ್ದು ಹಿತ್ತಲಿನಲ್ಲಿ, ಏಳು ಮೆಟ್ಟಿಲು ಕೆಳಗೆ. ಗಂಡನೇ ಎತ್ತಿಕೊಂಡು ಹೋಗಬೇಕು. ಯಾರ ಹಂಗಿಗೂ ಬೀಳದೆ ಬದುಕಿದ ಹೆಂಗಸು ಆಗೆಲ್ಲ ನಾಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆ ಅವನು ಪಕ್ಕದಲ್ಲೇ ಪಾಯಖಾನೆ ಸಮೇತ ಒಂದು ಖೋಲಿ ಕಟ್ಟಲು ಪಂಚಾಯ್ತಿಗೆ ಅರ್ಜಿ ಕೊಟ್ಟ. ಅರ್ಜಿ ವಾಪಸು ಬಂತು. ಹಳೆಯ ಅವಶೇಷಗಳ ಜಾಗ ತೋರಿಸುವ ಹೊಸ ನಕಾಶೆ ಕಂಪ್ಯೂಟರಿಗೆ ಬಂದಿದೆ, ನಿನ್ನ ಮನೆ ಕೆಂಪು ಗೆರೆಯೊಳಗಿದೆ, ಅಲ್ಲಿ ಹೊಸದೇನೂ ಕಟ್ಟುವಂತಿಲ್ಲ ಎಂದರು.

ಎಲ್ಲಕ್ಕೂ ಕಾರಣ ಅಂಗಳದ ವೀರಗಲ್ಲು. ಹೋದ ವರ್ಷ ಸರ್ವೆಯವರು ಬಂದು, ಕಲ್ಲಿನ ಪಕ್ಕ ಮೊಬೈಲ್ ಹಿಡಿದು ಗುರುತು ಹಾಕಿಕೊಂಡು, ಚಹಾ ಕುಡಿದು ಹೋಗಿದ್ದರು. ಕಲ್ಲು ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಅದು ಗೆಳೆಯ ಮಲ್ಲೇಶಪ್ಪನ ಹೊಲದ್ದು. ಇವರಿಬ್ಬರೂ ಹುಡುಗರಾಗಿದ್ದಾಗ, ನೇಗಿಲು ತಾಗಿ ವೀರನ ಮುಖ ಕೆಡಬಾರದೆಂದು ಇಬ್ಬರ ಅಪ್ಪಂದಿರೂ ಸೇರಿ ಅದನ್ನು ಚಕ್ಕಡಿಗೆ ಹೇರಿ ಊರ ಗುಡಿಗೆ ಹೊರಟಿದ್ದರು. ಈ ಮನೆಯ ಮುಂದೆ ಎತ್ತುಗಳು ನಿಂತವು, ಎಷ್ಟು ಹೊಡೆದರೂ ಕದಲಲಿಲ್ಲ. ವೀರ ಇಲ್ಲೇ ಇರಬೇಕಂತ ಎಂದು ಇಬ್ಬರೂ ಕೈಮುಗಿದು ಇಳಿಸಿಬಿಟ್ಟರು. ಮಲ್ಲೇಶಪ್ಪನ ಮನೆಯವರು ಇಂದಿಗೂ ಅಮಾವಾಸ್ಯೆಗೆ ಬಂದು ಎಣ್ಣೆ ಹಚ್ಚುತ್ತಾರೆ.

ಸಾಹೇಬರು ಬಂದು ವಿಚಾರಿಸುತ್ತಾರೆ, ಕಲ್ಲು ಮೊದಲು ಎಲ್ಲಿತ್ತೋ ಗೆರೆ ಅಲ್ಲಿಗೆ ಹೋಗುತ್ತದೆ ಎಂದು ಪಂಚಾಯ್ತಿಯವರು ಹೇಳಿದ್ದರು. ಅಂದರೆ ನಿಜ ಹೇಳಿದರೆ ಗೆರೆ ಮಲ್ಲೇಶಪ್ಪನ ಹೊಲಕ್ಕೆ. ಅಲ್ಲಿ ಮಲ್ಲೇಶಪ್ಪ, ಗಂಡನನ್ನು ಬಿಟ್ಟು ಬಂದ ತನ್ನ ಮಗಳು ರೇಷ್ಮಾಳಿಗೊಂದು ಮನೆಯಾಗಲೆಂದು ಪಾಯ ತೆಗೆಸಿದ್ದ. ಹಿಂದಿನ ಸಂಜೆ ಯಮನೂರಸಾಬ ಅಲ್ಲಿಗೆ ಹೋಗಿ, ಮಳೆ ಬೆಳೆಯ ಮಾತಾಡಿ, ಹೇಳಬೇಕಾದದ್ದನ್ನು ನುಂಗಿಕೊಂಡು ಬಂದಿದ್ದ. ರಾತ್ರಿಯಿಡೀ ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

ಸಾಹೇಬರು ಬಂದರು. ಪಂಚನಾಮೆಗೆ ಸಹಿ ಹಾಕಲು ಮಲ್ಲೇಶಪ್ಪನನ್ನೇ ಕರೆಸಿದ್ದರು. ಕಲ್ಲು ಮೊದಲಿನಿಂದ ಇಲ್ಲೇ ಇತ್ತೇ ಎಂದು ಸಾಹೇಬರು ಕೇಳಿದರು. ಯಮನೂರಸಾಬ ಕಲ್ಲನ್ನು ನೋಡಿದ, ಬಾಗಿಲನ್ನು ನೋಡಿದ, ಮಲ್ಲೇಶಪ್ಪನನ್ನು ಮಾತ್ರ ನೋಡಲಿಲ್ಲ.

“ಇಲ್ರಿ ಸಾಹೇಬ್ರ. ಮಲ್ಲೇಶಣ್ಣನ ಹೊಲದಿಂದ ತಂದದ್ದು.”

ಸಾಹೇಬರು ಮಲ್ಲೇಶಪ್ಪನ ಕಡೆ ತಿರುಗಿದರು. ಅವನು ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಂಡವರು ಬೇರೆ ಯಾರೂ ಬದುಕಿರಲಿಲ್ಲ. ಅವನು ಟವೆಲ್ಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡ.

“ಖರೇ ಐತ್ರಿ,” ಎಂದು ಹೇಳಿ ಸಹಿ ಹಾಕಿದ.

ಸಾಹೇಬರ ಜೀಪು ಹೋದ ಮೇಲೆ ಯಮನೂರಸಾಬ ಗೆಳೆಯನ ಕೈ ಹಿಡಿಯಲು ಹೋದ. ಮಲ್ಲೇಶಪ್ಪ ಕೈ ಹಿಂದಕ್ಕೆಳೆದುಕೊಂಡ.

“ನಿನ್ನಿ ಒಂದ ಮಾತು ಕೇಳಿದ್ರ ನಾನ ಬಂದು ಹೇಳ್ತಿದ್ದೆ, ಯಮನೂರ.”

ಅವನು ಹೊಲದ ದಾರಿ ಹಿಡಿದ. ಏನಾಯಿತೆಂದು ಒಳಗಿನಿಂದ ಹಸನಬಿ ಮತ್ತೆ ಮತ್ತೆ ಕೇಳುತ್ತಿದ್ದಳು. ಖೋಲಿ ಕಟ್ಟಬಹುದು ಎಂದು ಹೇಳಬೇಕಿದ್ದ ಯಮನೂರಸಾಬ ಅಂಗಳದಲ್ಲೇ ನಿಂತು ಆ ದಾರಿಯನ್ನೇ ನೋಡುತ್ತಿದ್ದ.