ಕಿಟಕಿಯಲ್ಲಿ ಬಿಸಿಲು ಕಾಯಿಸುವ ಸೆಲ್ಲುಗಳು

ಬೆಳಗ್ಗೆ ಕಿಟಕಿ ತೆರೆಯಬೇಕಾದರೆ ಸೊಸೆ ಮೊದಲು ಅಲ್ಲಿ ಸಾಲಾಗಿ ನಿಂತ ಸೆಲ್ಲುಗಳನ್ನು ಎತ್ತಿಡಬೇಕಿತ್ತು. ಅವು ಮಾವನ ಆಸ್ತಿ. ಮೂವತ್ತು ವರ್ಷ ಬಸ್ಸು ಓಡಿಸಿದ ಮಾವ ಯಾವುದನ್ನೂ ಸುಲಭಕ್ಕೆ ಎಸೆಯುವವರಲ್ಲ. ಸೋತ ಸೆಲ್ಲನ್ನು ಎರಡು ದಿನ ಬಿಸಿಲಿಗಿಟ್ಟು, ಹೊಸದರ ಜೊತೆ ಬೆರೆಸಿ ಮತ್ತೆ ಹಾಕುತ್ತಿದ್ದರು. ಹಳಬರ ಜೊತೆ ಹೊಸಬರಿದ್ದರೆ ಕೆಲಸ ಕಲಿಯುತ್ತಾರೆ ಎಂಬುದು ಅವರ ವಾದ.

ಆ ಸೆಲ್ಲುಗಳು ಬಿಪಿ ನೋಡುವ ಯಂತ್ರದವು. ದಿನಾ ನೋಡಿ ಬರೆದಿಡಬೇಕೆಂದು ಡಾಕ್ಟರು ಮಾವನಿಗೆ ಹೇಳಿದ್ದರು. ಬರೆದ ಅಂಕಿಗಳನ್ನು ಒಂದು ಬೆಳಗ್ಗೆ ಫೋನಿನಲ್ಲಿ ಕೇಳಿ, ನಾಡಿದ್ದು ಬನ್ನಿ, ಒಂದು ಮಾತ್ರೆ ಕಡಿಮೆ ಮಾಡೋಣ ಎಂದೂ ಅಂದಿದ್ದರು.

ಆ ಸಂಜೆ ಸೊಸೆ ಮಾವನ ಪುಸ್ತಕ ತೆರೆದಳು. ಹದಿನೇಳು ದಿನವೂ ನೂರ ಮೂವತ್ತು, ಎಂಬತ್ತು. ಅವಳು ಟೈಲರು. ಒಂದೇ ಸೊಂಟದ ಅಳತೆ ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಇನ್ನೊಂದು ಎಂದು ಬಲ್ಲವಳು. ದಿನವೂ ಒಂದೇ ಅಂಕಿ ಹೇಗೆ ಬರುತ್ತದೆ ಎಂದು ಮಾವನನ್ನು ಕೇಳಿದಳು.

"ಯಂತ್ರ ಅರ್ಧಕ್ಕೇ ನಿಂತೋಗ್ತಿತ್ತು ಕಣಮ್ಮ. ಅಂದಾಜಿನ ಮೇಲೆ ಬರೆದೆ," ಎಂದರು ಮಾವ, ತಲೆ ತಗ್ಗಿಸಿ.

ಸೊಸೆ ಪಕ್ಕದ ಮನೆಯ ಗಡಿಯಾರದಕ್ಕನನ್ನು ಕರೆತಂದಳು. ಗಡಿಯಾರ ರಿಪೇರಿ ಮಾಡುವ ಈ ಹೆಂಗಸು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವಳೇ ಅಲ್ಲ. ಅದಕ್ಕೇ ಅವಳ ಮಾತಿಗೆ ಅಷ್ಟು ತೂಕ. ಮೊದಲು ಯಂತ್ರದ ಜೊತೆ ಬಂದ ಪುಸ್ತಕ ಓದಿದಳು. ಚಾರ್ಜ್ ಮಾಡುವ ಸೆಲ್ಲು ಹಾಕಬಹುದೆಂದು ಅದರಲ್ಲಿತ್ತು.

ಮಾವ ಬೇಡವೆಂದು ತಲೆಯಾಡಿಸಿದರು. ಚಾರ್ಜರಿನ ಹಣೆಬರಹ ತಮಗೆ ಗೊತ್ತು, ಹಿಂದೊಮ್ಮೆ ಸೆಲ್ಲು ಹಾಕಿದಾಗ ಸೋರಿ ಮೇಜೇ ಹಾಳಾಯಿತು ಎಂದರು.

"ಯಜಮಾನ್ರೇ, ನೀವು ಹಾಕಿದ್ದು ಮಾಮೂಲಿ ಸೆಲ್ಲು. ಡೀಸೆಲ್ ಬಸ್ಸಿಗೆ ಪೆಟ್ರೋಲ್ ಹಾಕ್ತಿದ್ರಾ?" ಎಂದಳು ಗಡಿಯಾರದಕ್ಕ.

ಮಾವ ನಕ್ಕುಬಿಟ್ಟರು. ಆಮೇಲೆ ಅಕ್ಕ ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದರು. ಮೇಲೆ ರೀಚಾರ್ಜೆಬಲ್ ಎಂದು ಬರೆದಿರುವ ಸೆಲ್ಲಷ್ಟೇ ಚಾರ್ಜರಿಗೆ ಹೋಗಬೇಕು. ತೆಗೆದಿಟ್ಟರೂ ತಿಂಗಳುಗಟ್ಟಲೆ ಚಾರ್ಜ್ ಉಳಿಯುವಂಥದ್ದನ್ನು ಕೇಳಿ ತರಬೇಕು. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿ, ತುಂಬಿದ ಕೂಡಲೇ ತಾನೇ ನಿಲ್ಲುವ ಚಾರ್ಜರ್ ಒಳ್ಳೆಯದು. ಗೋಡೆ ಗಡಿಯಾರಕ್ಕೆ ಮಾತ್ರ ಮಾಮೂಲಿ ಸೆಲ್ಲೇ ಸಾಕು, ಅದು ವರ್ಷಗಟ್ಟಲೆ ಬರುತ್ತದೆ.

ಮರುದಿನ ಸೆಲ್ಲು, ಚಾರ್ಜರು ಬಂದವು. ನಾಲ್ಕು ದೀಪ ಒಂದೊಂದಾಗಿ ಹಸಿರಾಗುವುದನ್ನು ಮಾವ ಕುರ್ಚಿ ಹಾಕಿಕೊಂಡು ನೋಡಿದರು. ನಾಲ್ಕೂ ಸೆಲ್ಲು ಯಾವಾಗಲೂ ಜೊತೆಗೇ ಇರಲಿ ಎಂದು ಸೊಸೆ ನಾಲ್ಕು ಜೇಬಿನ ಪುಟ್ಟ ಚೀಲ ಹೊಲಿದಳು. ಎಂಥ ಅಚ್ಚುಕಟ್ಟು ಎಂದು ಗಡಿಯಾರದಕ್ಕ ಬಾಯ್ತುಂಬ ಹೊಗಳಿದಳು.

ನಾಡಿದ್ದು ಬಂತು. ಡಾಕ್ಟರ ಬಳಿ ಹೊರಡುವ ಮುಂಚೆ ಮಾವ ತೋಳಿಗೆ ಯಂತ್ರದ ಪಟ್ಟಿ ಕಟ್ಟಿಕೊಂಡು ಕೂತರು. ಯಂತ್ರ ನಡುವೆ ನಿಲ್ಲಲಿಲ್ಲ. ನೂರ ಅರವತ್ತೆರಡು, ತೊಂಬತ್ತೆಂಟು ಎಂದು ತೋರಿಸಿತು. ಮಾವ ಹದಿನೇಳು ಸಾಲಿಗೂ ಗೀಟು ಹೊಡೆದು, ಕೆಳಗೆ ಇದನ್ನು ಬರೆದರು. ತಪ್ಪೊಪ್ಪಿಕೊಳ್ಳಲೂ ಎದೆ ಬೇಕು, ಆ ಹಿರಿಯರಿಗೆ ಅದಿತ್ತು. ಪುಸ್ತಕ ನೋಡಿದ ಡಾಕ್ಟರು ತಾವೂ ಎರಡು ಸಲ ಬಿಪಿ ನೋಡಿದರು. ಇಳಿಸಬೇಕೆಂದಿದ್ದ ಮಾತ್ರೆಯನ್ನು ಏರಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಿಟಕಿಯಲ್ಲೂ ಸೆಲ್ಲುಗಳು ಬಿಸಿಲು ಕಾಯಿಸುತ್ತಿವೆಯೇ? ಇವತ್ತೇ ಎತ್ತಿ. ಬೆಂಕಿಗೂ ಕಸಕ್ಕೂ ಹಾಕದೆ, ಹಳೇ ಸೆಲ್ಲು ತೆಗೆದುಕೊಳ್ಳುವ ಕಡೆ ಕೊಡಿ. ಯಂತ್ರದ ಪುಸ್ತಕ ಓದಿ, ಸರಿಯಾದ ಸೆಲ್ಲು ಮತ್ತು ತುಂಬಿದಾಗ ನಿಲ್ಲುವ ಚಾರ್ಜರ್ ತನ್ನಿ. ನಿಮ್ಮ ಮನೆಯ ಹಿರಿಯರ ಅಳತೆ ಅಂದಾಜಿನ ಮೇಲೆ ನಡೆಯದಿರಲಿ.